ಗಂಡಸಿನ ಮುಪ್ಪಿಗೆ ಮದ್ದು ಮಾರಿದವರು

1813ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಭೆಯಲ್ಲಿ ಸರ್ ಹೆನ್ರಿ ಹಾಲ್ಫರ್ಡ್ ಒಂದು ಪ್ರಬಂಧ ಓದಿದ. ದೊರೆ ಮೂರನೆಯ ಜಾರ್ಜನ ವೈದ್ಯನಾಗಿದ್ದ ಆತನಿಗೆ ವಯಸ್ಸಾದ ಸಿರಿವಂತ ಗಂಡಸರನ್ನು ಹತ್ತಿರದಿಂದ ನೋಡುವ ಅವಕಾಶ ಧಾರಾಳವಾಗಿತ್ತು. 50ರಿಂದ 75ರ ನಡುವೆ ಕೆಲವರು ಇದ್ದಕ್ಕಿದ್ದಂತೆ ಇಳಿದುಹೋಗುತ್ತಾರೆ, ಮೈ ಕರಗುತ್ತದೆ, ನಿದ್ದೆ ಕೆಡುತ್ತದೆ, ದಣಿವು ಬಿಡುವುದಿಲ್ಲ; ಇಷ್ಟಕ್ಕೆಲ್ಲ ಕಾರಣವಾದ ರೋಗ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಹೆಂಗಸರಿಗಿಂತ ಗಂಡಸರಲ್ಲೇ ಇದು ಹೆಚ್ಚು ಎಂದು ಅವನಿಗೆ ಕಂಡಿತ್ತು. ಏಳರ ಮಗ್ಗಿಯಲ್ಲಿ ಬರುವ ವಯಸ್ಸುಗಳು ಗಂಡಾಂತರದವು, ಅದರಲ್ಲೂ ಏಳೊಂಬತ್ತಲ 63 ದೊಡ್ಡ ಗಂಡಾಂತರ ಎಂಬ ನಂಬಿಕೆ ಗ್ರೀಕರ ಕಾಲದಿಂದಲೂ ಯುರೋಪಿನಲ್ಲಿ ನಡೆದುಬಂದಿತ್ತು. ನಮ್ಮಲ್ಲಿ 60 ತುಂಬಿದಾಗ ಷಷ್ಟ್ಯಬ್ದಿ ಶಾಂತಿ, 70ಕ್ಕೆ ಭೀಮರಥ ಶಾಂತಿ ಮಾಡಿಸುವವರಿಗೆ ಆ ಭಯ ಅಪರಿಚಿತವೇನಲ್ಲ. ಹಾಲ್ಫರ್ಡ್ ಆ ಹಳೆಯ ಭಯವನ್ನು ವೈದ್ಯದ ಅಂಗಳಕ್ಕೆ ತಂದ. ಇದು ಮುಪ್ಪಲ್ಲ, ಮುಪ್ಪಿನ ದಾರಿಯಲ್ಲಿ ಎದುರಾಗುವ ಬೇರೆಯೇ ಒಂದು ಕಾಯಿಲೆ ಎಂದ. ಕೆಲವರು ಇದರಿಂದ ಚೇತರಿಸಿಕೊಳ್ಳುತ್ತಾರೆ ಎಂಬುದು ಅವನಿಗಿದ್ದ ಆಧಾರ. ಮುಪ್ಪಿನಿಂದ ಚೇತರಿಸಿಕೊಂಡವರು ಯಾರೂ ಇಲ್ಲವಲ್ಲ.

ಹಾಲ್ಫರ್ಡ್ ಏನನ್ನೂ ಮಾರುತ್ತಿರಲಿಲ್ಲ. ಆದರೆ ಅವನ ತರ್ಕದಲ್ಲಿ ಒಂದು ಸಡಿಲ ಕೊಂಡಿ ಇತ್ತು. ಗುಣವಾದದ್ದರಿಂದ ಇದ್ದದ್ದು ರೋಗವೇ ಎಂದು ಹೇಳಿಬಿಟ್ಟರೆ, ಯಾವ ಮದ್ದು ಕೊಟ್ಟಾಗ ಮುದುಕ ‘ಈಗ ಪರವಾಗಿಲ್ಲ’ ಎನ್ನುತ್ತಾನೋ ಆ ಮದ್ದೇ ಅವನಿಗೊಂದು ರೋಗವನ್ನೂ ಹುಟ್ಟಿಸಿದಂತಾಗುತ್ತದೆ. ಗಂಡಸಿನ ಮುಪ್ಪಿನ ಸುತ್ತ ಮುಂದೆ ಬೆಳೆದ ಇಡೀ ಕಸುಬು ಈ ಕೊಂಡಿಯನ್ನೇ ಹಿಡಿದು ಬಂದಿದೆ. ‘ಪುರುಷರ ಋತುಬಂಧ’ ಎಂದು ಇಂದು ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬರುವ ಸಂಗತಿಯ ಹಿಂದಿನ ಚರಿತ್ರೆಯೂ ಅದೇ. ರೋಗಕ್ಕೂ ವಯಸ್ಸಿಗೂ ನಡುವೆ ಗೆರೆ ಎಳೆಯಲು ಬರುವುದಿಲ್ಲ ಎಂದಲ್ಲ. ಬರುತ್ತದೆ, 1944ರಷ್ಟು ಹಿಂದೆಯೇ ಎಳೆದೂ ಆಗಿದೆ. ಆ ಗೆರೆ ಮಸುಕಾದಷ್ಟೂ ಗಿರಾಕಿಗಳು ಹೆಚ್ಚುತ್ತಾರಾದ್ದರಿಂದ ಅದನ್ನು ಮತ್ತೆ ಮತ್ತೆ ಅಳಿಸಲಾಗಿದೆ ಎಂಬುದು ನನ್ನ ವಾದ.

ಕಸುಬಿನ ಮೊದಲ ದೊಡ್ಡ ಹೆಸರು ಯಾವುದೋ ಕಪಟ ವೈದ್ಯನದಲ್ಲ. ಮಾರಿಷಸ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿನ ಕೊಲೆಜ್ ದ ಫ್ರಾನ್ಸ್‌ನಲ್ಲಿ ಕ್ಲಾಡ್ ಬರ್ನಾರ್ಡ್‌ನ ಪೀಠಕ್ಕೆ ಉತ್ತರಾಧಿಕಾರಿಯಾಗಿದ್ದ ಶಾರ್ಲ್ ಬ್ರೌನ್-ಸೆಕಾರ್ ಬೆನ್ನುಹುರಿಯ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ. 1889ರ ಜೂನ್ 1ರಂದು, 72ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಮುಂದೆ ನಿಂತು ತಾನು ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು ತೆಗೆದ ರಸವನ್ನು ಮೈಗೆ ಚುಚ್ಚಿಕೊಂಡಿರುವುದಾಗಿ ಹೇಳಿದ. ಫಲಿತಾಂಶವನ್ನು ಅವನು ಬಾಯಿಮಾತಿಗೆ ಬಿಡಲಿಲ್ಲ. ಮುಂಗೈಯ ಬಲವನ್ನು ಉಪಕರಣದಿಂದ ಅಳೆದಿದ್ದ, ಮೂತ್ರ ಎಷ್ಟು ದೂರ ಚಿಮ್ಮುತ್ತದೆ ಎಂಬುದನ್ನೂ ಅಳೆದು, ಕಾಲುಭಾಗದಷ್ಟಾದರೂ ಹೆಚ್ಚಿದೆ ಎಂದಿದ್ದ. ಮೆಟ್ಟಿಲುಗಳನ್ನು ಮತ್ತೆ ಓಡಿಕೊಂಡೇ ಹತ್ತುತ್ತಿದ್ದೇನೆ, ಗಂಟೆಗಟ್ಟಲೆ ಪ್ರಯೋಗಾಲಯದಲ್ಲಿ ನಿಂತು ದುಡಿಯುತ್ತಿದ್ದೇನೆ ಎಂದ. ಸಭೆಯಲ್ಲಿ ಮುಸಿಮುಸಿ ನಕ್ಕವರಿದ್ದರು. ಆದರೆ ರಸ ಬೇಕೆಂದು ಕೇಳಿದ ವೈದ್ಯರಿಗೆ ಅವನು ಅದನ್ನು ಪುಕ್ಕಟೆಯಾಗಿ ಕಳಿಸಿಕೊಟ್ಟ. ಕೇಳಿದವರ ಸಂಖ್ಯೆ ಕೆಲವೇ ತಿಂಗಳಲ್ಲಿ ಸಾವಿರಗಳನ್ನು ದಾಟಿತು. ಪುಕ್ಕಟೆ ಕೊಟ್ಟವನ ಹೆಸರಿನಲ್ಲೇ ‘ಸೆಕಾರೀನ್’ ಎಂಬ ಬಾಟಲಿ ಔಷಧವೂ ಅಂಗಡಿಗೆ ಬಂತು. ಅದರಿಂದ ದುಡ್ಡು ಮಾಡಿದವರು ಬೇರೆ.

ಆ ರಸದಲ್ಲಿ ಏನಿತ್ತು? ವೃಷಣ ಟೆಸ್ಟೋಸ್ಟೆರಾನ್ ತಯಾರಿಸುತ್ತದೆಯೇ ಹೊರತು ಕೂಡಿಡುವುದಿಲ್ಲ. ತಯಾರಾದದ್ದು ಕೂಡಲೇ ರಕ್ತಕ್ಕೆ ಹೋಗುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗುವ ವಸ್ತುವೂ ಅಲ್ಲ, ಬ್ರೌನ್-ಸೆಕಾರ್ ಬಳಸಿದ್ದು ನೀರನ್ನೇ. 2002ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಅವನ ವಿಧಾನವನ್ನೇ ಅನುಸರಿಸಿ ನಾಯಿಯ ವೃಷಣದಿಂದ ರಸ ತೆಗೆದು ಅಳೆದು ನೋಡಿದರು. ಅದರಲ್ಲಿದ್ದ ಹಾರ್ಮೋನು ಮನುಷ್ಯನ ಮೇಲೆ ಪರಿಣಾಮ ಬೀರಲು ಬೇಕಾದ ಪ್ರಮಾಣದ ಹತ್ತಿರಕ್ಕೂ ಬರಲಿಲ್ಲ. ಅಂದರೆ ಮೇಧಾವಿ ವಿಜ್ಞಾನಿಯೊಬ್ಬ, ಸುಳ್ಳು ಹೇಳುವ ಯಾವ ಉದ್ದೇಶವೂ ಇಲ್ಲದೆ, ಬರೀ ನೀರಿನಂಥ ಮದ್ದಿನಿಂದ ತನ್ನ ತಾರುಣ್ಯ ಮರಳಿತೆಂದು ಅಳತೆ ಸಮೇತ ವರದಿ ಮಾಡಿದ. ಮುಂದಿನ ಕಥೆಯನ್ನು ಓದುವಾಗ ಇದನ್ನು ಮರೆಯಬಾರದು. ಅಳತೆಗಳಿದ್ದವು, ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ರಸ ಚುಚ್ಚಿಸಿಕೊಳ್ಳದ ಇನ್ನೊಬ್ಬ ಮುದುಕ ಇರಲಿಲ್ಲ.

ಮುಂದಿನ ಅಧ್ಯಾಯ ವಿಯೆನ್ನಾದ್ದು. ಅಲ್ಲಿನ ಶರೀರಶಾಸ್ತ್ರಜ್ಞ ಓಯ್ಗನ್ ಸ್ಟೈನಾಖ್ ಇಲಿಗಳ ಮೇಲೆ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದ್ದವನು, ನೊಬೆಲ್‌ಗೆ ಹಲವು ಸಲ ಹೆಸರಿಸಲ್ಪಟ್ಟವನು. ವೀರ್ಯನಾಳವನ್ನು ಕಟ್ಟಿಬಿಟ್ಟರೆ ವೀರ್ಯಾಣು ತಯಾರಿ ಹಿಂಗಿ, ಹಾರ್ಮೋನು ಸ್ರವಿಸುವ ಜೀವಕೋಶಗಳು ಹೆಚ್ಚುತ್ತವೆ, ಅದರಿಂದ ಮೈ ಮರಳಿ ಎಳೆಯದಾಗುತ್ತದೆ ಎಂಬುದು ಅವನ ಲೆಕ್ಕ. 1918ರಲ್ಲಿ ಅವನ ಸಹೋದ್ಯೋಗಿ ರಾಬರ್ಟ್ ಲಿಕ್ಟನ್‌ಸ್ಟರ್ನ್, 43ಕ್ಕೇ ಬಸವಳಿದಿದ್ದ ಒಬ್ಬ ಗಾಡಿ ಹೊಡೆಯುವವನಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ. ಅವನ ತೂಕ, ಬಲ, ಹುಮ್ಮಸ್ಸು ಎಲ್ಲ ಮರಳಿದವೆಂದು ವರದಿಯಾಯಿತು. 1923ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಬಾಯಿಯ ಕ್ಯಾನ್ಸರ್ ಮರುಕಳಿಸದಿರಲೆಂಬ ಆಸೆಯಿಂದ, ಇದನ್ನು ಮಾಡಿಸಿಕೊಂಡ. 1934ರಲ್ಲಿ ಕವಿ ಡಬ್ಲ್ಯು. ಬಿ. ಯೇಟ್ಸ್ ಲಂಡನ್ನಿನಲ್ಲಿ ಮಾಡಿಸಿಕೊಂಡು, ಕಾವ್ಯಶಕ್ತಿ ಮರಳಿತೆಂದು ನಂಬಿದ. ಕನ್ನಡದ ಓದುಗರಿಗೆ ಇಲ್ಲೊಂದು ವಿಚಿತ್ರ ಕಾಣಬೇಕು. ವೀರ್ಯನಾಳ ಕಟ್ಟುವುದೆಂದರೆ ನಮ್ಮಲ್ಲಿ ‘ಆಪರೇಷನ್ ಮಾಡಿಸಿಕೊಳ್ಳುವುದು’. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು. ಅದರಿಂದ ಗಂಡಸುತನ ಹೋಗುತ್ತದೆ, ಕೈಕಾಲಿನ ಕಸುವು ಇಳಿಯುತ್ತದೆ ಎಂಬ ಭಯ ಊರೂರಲ್ಲಿ ಹಬ್ಬಿತು. ವಿಯೆನ್ನಾದ ಸಾಹುಕಾರರು ತಾರುಣ್ಯಕ್ಕಾಗಿ ದುಡ್ಡು ಕೊಟ್ಟು ಮಾಡಿಸಿಕೊಂಡ ಕೊಯ್ತ ನಮ್ಮ ರೈತರಿಗೆ ತಾರುಣ್ಯ ಕಿತ್ತುಕೊಳ್ಳುವ ಕೊಯ್ತವಾಗಿ ಕಂಡಿತು. ಹಾರ್ಮೋನಿನ ಮಟ್ಟಿಗೆ ಹೇಳುವುದಾದರೆ ಎರಡೂ ಕಡೆ ಆದದ್ದು ಏನೂ ಇಲ್ಲ. ಗುಣ ಕಂಡವರಿಗೂ ಕೇಡು ಕಂಡವರಿಗೂ ಅದನ್ನು ಕಾಣಿಸಿದ್ದು ಅವರವರ ನಿರೀಕ್ಷೆ.

ಆಮೇಲಿನ ಮಂಗ ಮತ್ತು ಹೋತಗಳ ಕಥೆ ಎಷ್ಟೋ ಸಲ ಹೇಳಿಸಿಕೊಂಡಿದೆ, ಹೆಚ್ಚು ಬೆಳೆಸುವುದು ಬೇಡ. ಸರ್ಜ್ ವೊರೊನೊಫ್ 1920ರಿಂದ ಪ್ಯಾರಿಸ್ಸಿನಲ್ಲಿ ಚಿಂಪಾಂಜಿ, ಬಬೂನ್‌ಗಳ ವೃಷಣದ ಚೂರುಗಳನ್ನು ಶ್ರೀಮಂತರ ವೃಷಣಚೀಲದೊಳಗೆ ಹೊಲಿದ. ಬೇಡಿಕೆ ಪೂರೈಸಲು ಇಟಲಿಯ ಕಡಲತೀರದಲ್ಲಿ ಮಂಗಗಳನ್ನು ಸಾಕುವ ತಾಣವನ್ನೇ ಮಾಡಿದ. ಅಮೆರಿಕದ ಕ್ಯಾನ್ಸಸ್‌ನ ಮಿಲ್ಫರ್ಡ್ ಎಂಬ ಹಳ್ಳಿಯಲ್ಲಿ ಜಾನ್ ಬ್ರಿಂಕ್ಲಿ ಅದೇ ಕೆಲಸವನ್ನು ಹೋತದ ವೃಷಣದಿಂದ 750 ಡಾಲರಿಗೆ ಮಾಡಿದ, ಅದರ ಪ್ರಚಾರಕ್ಕೆ ಸ್ವಂತ ರೇಡಿಯೊ ಕೇಂದ್ರ ಕಟ್ಟಿದ, 1930ರಲ್ಲಿ ವೈದ್ಯ ಪರವಾನಗಿ ಕಳೆದುಕೊಂಡ ಮೇಲೆ ರಾಜ್ಯಪಾಲ ಹುದ್ದೆಯ ಚುನಾವಣೆಗೂ ನಿಂತ. ಪಾಶ್ಚಾತ್ಯರನ್ನು ನೋಡಿ ನಗುವ ಮೊದಲು, 1938ರಲ್ಲಿ 76ರ ಪಂಡಿತ ಮದನ ಮೋಹನ ಮಾಳವೀಯರು ಸಾಧುವೊಬ್ಬರಿಂದ ಕಾಯಕಲ್ಪ ಚಿಕಿತ್ಸೆ ಪಡೆದದ್ದನ್ನೂ, ಆ ಸುದ್ದಿ ದೇಶದ ಪತ್ರಿಕೆಗಳನ್ನು ತುಂಬಿದ್ದನ್ನೂ ನೆನೆಯುವುದು ಒಳ್ಳೆಯದು. ಹಾಗೆ ನೋಡಿದರೆ ನಮ್ಮ ಆಯುರ್ವೇದದ ಹಳೆಯ ಗ್ರಂಥಗಳೇ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದವು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುಪ್ಪನ್ನು ತಡೆಯುವ ರಸಾಯನಕ್ಕೆ ಒಂದು ಅಧ್ಯಾಯ, ಸಂಭೋಗಶಕ್ತಿಯ ವಾಜೀಕರಣಕ್ಕೆ ಇನ್ನೊಂದು ಅಧ್ಯಾಯ. ಎರಡೂ ಅಷ್ಟಾಂಗಗಳಲ್ಲಿ ಬೇರೆ ಬೇರೆ ಅಂಗಗಳು. ಮದ್ದುಗಳು ಫಲಿಸುತ್ತವೋ ಇಲ್ಲವೋ ಅದು ಬೇರೆ ಮಾತು, ಪ್ರಶ್ನೆಗಳನ್ನಾದರೂ ಅವರು ಬೇರೆ ಮಾಡಿದ್ದರು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತರೋಗ ತಜ್ಞ’ರ ಜಾಹೀರಾತು ಬರೆಸುವವರು ಅವನ್ನು ಮತ್ತೆ ಕಲಸಿಬಿಟ್ಟಿದ್ದಾರೆ.

ಅಸಲಿ ವಸ್ತು ಕೈಗೆ ಬಂದದ್ದು 1935ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲು ಷಿಕಾಗೊದಲ್ಲಿ ಫ್ರೆಡ್ ಕಾಕ್ ಮತ್ತು ಅವನ ವಿದ್ಯಾರ್ಥಿ ಲೆಮುಯೆಲ್ ಮೆಗೀ ಕಸಾಯಿಖಾನೆಗಳಿಂದ ತಂದ ಸುಮಾರು 18 ಕಿಲೊ ಹೋರಿ ವೃಷಣದಿಂದ ಕೇವಲ 20 ಮಿಲಿಗ್ರಾಂ ಸಾರ ತೆಗೆದಿದ್ದರು. 1935ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಅರ್ನ್‌ಸ್ಟ್ ಲಾಕರ್‌ನ ತಂಡ ಅದನ್ನು ಶುದ್ಧವಾಗಿ ಬೇರ್ಪಡಿಸಿ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಅಡಾಲ್ಫ್ ಬ್ಯೂಟನಾಂಟ್ ಮತ್ತು ಲಿಯೊಪೋಲ್ಡ್ ರುಜಿಚ್ಕಾ ಬೇರೆ ಬೇರೆಯಾಗಿ ಅದನ್ನು ಕೊಲೆಸ್ಟೆರಾಲ್‌ನಿಂದ ತಯಾರಿಸಿದರು, 1939ರ ನೊಬೆಲ್ ಇಬ್ಬರಿಗೂ ಬಂತು. ಔಷಧ ಕಂಪನಿಗಳ ಕೈಯಲ್ಲಿ ಈಗ ಮದ್ದು ಇತ್ತು, ಅದಕ್ಕೆ ತಕ್ಕ ರೋಗಿಗಳು ಬೇಕಾಗಿದ್ದರು. ಸೇಂಟ್ ಲೂಯಿಸ್ಸಿನ ವೈದ್ಯ ಆಗಸ್ಟ್ ವರ್ನರ್ 1939ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ, ಮುಟ್ಟು ನಿಲ್ಲುವ ಹೆಂಗಸರಲ್ಲಿ ಕಾಣುವ ತೊಂದರೆಗಳೇ ಗಂಡಸರಲ್ಲೂ ಕಾಣುತ್ತವೆ ಎಂದು ಬರೆದ: ಕಳವಳ, ಮೈ ಬಿಸಿಯೇರಿ ಬೆವರುವುದು, ದಣಿವು, ನಿದ್ದೆಗೇಡು, ಮರೆವು. 1946ರ ಹೊತ್ತಿಗೆ ಅವನ ಕೈಯಲ್ಲಿ ಇಂಥ 273 ಪ್ರಕರಣಗಳಿದ್ದವು. ಆದರೆ ಅವನ ಪಟ್ಟಿಯನ್ನು ಹಿಡಿದು ಸಾಲಮಾಡಿದವನನ್ನೋ, ಹೆಂಡತಿ ಸತ್ತವನನ್ನೋ, ಬರಿದೇ ಕುಡಿತ ಹೆಚ್ಚಾದವನನ್ನೋ ಬೇರೆ ಮಾಡುವುದು ಹೇಗೆ?

ಉತ್ತರ ಬಂದದ್ದು ಡೆಟ್ರಾಯಿಟ್‌ನಿಂದ. 1944ರ ಅಕ್ಟೋಬರಿನಲ್ಲಿ ಕಾರ್ಲ್ ಹೆಲರ್ ಮತ್ತು ಗಾರ್ಡನ್ ಮೈಯರ್ಸ್ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ನನ್ನ ಲೆಕ್ಕದಲ್ಲಿ, ಈ ಚರಿತ್ರೆಯಲ್ಲೇ ಅತಿ ಮುಖ್ಯವಾದದ್ದು. ವೊರೊನೊಫ್‌ನನ್ನು ಬಲ್ಲವರಲ್ಲಿ ನೂರಕ್ಕೊಬ್ಬರೂ ಅದರ ಹೆಸರು ಕೇಳಿರಲಾರರು ಎಂಬುದು ಬೇರೆ. ಅವರ ಬುದ್ಧಿವಂತಿಕೆ ಇದ್ದದ್ದು ನೋಡುವ ಜಾಗವನ್ನು ಬದಲಿಸಿದ್ದರಲ್ಲಿ. ವೃಷಣ ಕೆಲಸ ನಿಲ್ಲಿಸಿದರೆ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಸುಮ್ಮನಿರುವುದಿಲ್ಲ, ಅದನ್ನು ಎಬ್ಬಿಸಲು ತನ್ನ ಪ್ರಚೋದಕ ಹಾರ್ಮೋನುಗಳನ್ನು ಹೆಚ್ಚು ಹೆಚ್ಚು ಸುರಿಸುತ್ತದೆ, ಅವು ಮೂತ್ರದಲ್ಲಿ ಹೊರಬರುತ್ತವೆ. ಆಗ ರಕ್ತದ ಟೆಸ್ಟೋಸ್ಟೆರಾನ್ ಅಳೆಯುವ ಉಪಾಯವಿರಲಿಲ್ಲ. ಹೆಲರ್ ಮತ್ತು ಮೈಯರ್ಸ್ ಮೂತ್ರದ ಈ ಹಾರ್ಮೋನನ್ನು ಪ್ರಯೋಗಾಲಯದ ಇಲಿಗಳ ಮೂಲಕ ಅಳೆದರು. ಹೋಲಿಕೆಗೆ ವೃಷಣಗಳನ್ನೇ ಕಳೆದುಕೊಂಡ ಗಂಡಸರನ್ನೂ ಆರೋಗ್ಯವಂತರನ್ನೂ ಇಟ್ಟುಕೊಂಡರು. ಒಂದೇ ಬಗೆಯ ದೂರುಗಳನ್ನು ಹೊತ್ತು ಬಂದ 38 ಜನರಲ್ಲಿ 23 ಮಂದಿಯ ಮಟ್ಟ ವೃಷಣವಿಲ್ಲದವರಷ್ಟೇ ಏರಿತ್ತು, ಉಳಿದವರದು ಸಹಜವಾಗಿತ್ತು. ಬಳಿಕ ಟೆಸ್ಟೋಸ್ಟೆರಾನ್ ಚುಚ್ಚಿದಾಗ ಮೊದಲ ಗುಂಪಿನವರು ಎರಡು ವಾರದಲ್ಲಿ ಸುಧಾರಿಸಿದರು, ಎರಡನೆಯ ಗುಂಪಿನವರು ಇದ್ದಂತೆಯೇ ಇದ್ದರು. ಹಾಲ್ಫರ್ಡ್‌ನ ಸಡಿಲ ಕೊಂಡಿ ಇಲ್ಲಿ ಬಿಗಿಯಾಯಿತು: ಗುಣವಾದದ್ದನ್ನು ನೋಡಿ ರೋಗವನ್ನು ಊಹಿಸಲಿಲ್ಲ, ಕೊರತೆಯನ್ನು ಮೊದಲು ತೋರಿಸಿ ಆಮೇಲೆ ಮದ್ದು ಕೊಟ್ಟರು. ಇಂಥ ವೃಷಣಸೋಲು ಅಪರೂಪ, ಅದು ಮೂರನೆಯ ದಶಕದಷ್ಟು ಎಳೆಯ ವಯಸ್ಸಿನಲ್ಲೂ ಬರಬಹುದು, ಹೆಚ್ಚಿನ ಗಂಡಸರು ಇದನ್ನು ಕಾಣದೆಯೇ ಮುದುಕರಾಗುತ್ತಾರೆ ಎಂಬುದು ಅವರ ತೀರ್ಮಾನ. ಇದು ಹೆಂಗಸರ ಮುಟ್ಟು ನಿಲ್ಲುವುದರಂತೆ ಎಲ್ಲರಿಗೂ ಬರುವ ಘಟ್ಟವಲ್ಲ, ಕೆಲವರಿಗೆ ತಗಲುವ ಕಾಯಿಲೆ.

ಇಷ್ಟು ಸ್ಪಷ್ಟವಾದ ಮಾತಿಗೆ ಮರುವರ್ಷವೇ ಮಂಕು ಕವಿಯಿತು. 1945ರಲ್ಲಿ ಜನಪ್ರಿಯ ವಿಜ್ಞಾನ ಲೇಖಕ ಪಾಲ್ ಡಿ ಕ್ರೈಫ್ ಗಂಡು ಹಾರ್ಮೋನಿನ ಬಗ್ಗೆ ಪುಸ್ತಕ ಬರೆದು, ತಾನೇ ಗುಳಿಗೆ ನುಂಗುತ್ತಿರುವುದಾಗಿ ಸಾರಿದ. ಅಲ್ಲಿಂದ ಮುಂದೆ ಉತ್ಸಾಹ ಏರುತ್ತ ಇಳಿಯುತ್ತ ಬಂತು. 2000ದಲ್ಲಿ ಮೈಗೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು, ಸೂಜಿಯ ಭಯ ಹೋಯಿತು. ಅದೇ ವರ್ಷ, ವರ್ನರ್‌ನ ಊರಾದ ಸೇಂಟ್ ಲೂಯಿಸ್ಸಿನಿಂದಲೇ, ಜಾನ್ ಮಾರ್ಲಿ ಎಂಬ ತಜ್ಞರು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ರಾತ್ರಿ ಊಟವಾದ ಮೇಲೆ ತೂಕಡಿಕೆ ಬರುತ್ತದೆಯೇ, ಸಿಡುಕು ಹೆಚ್ಚಿದೆಯೇ, ಆಟದಲ್ಲಿ ಮೊದಲಿನ ಚುರುಕು ಇಲ್ಲವೇ, ಎತ್ತರ ಕುಗ್ಗಿದೆಯೇ? ಒಂದು ಔಷಧ ಕಂಪನಿಗಾಗಿ ಅದನ್ನು 20 ನಿಮಿಷದಲ್ಲಿ ಬರೆದೆನೆಂದು ಅವರೇ ಮುಂದೆ ಪತ್ರಿಕೆಗೆ ಹೇಳಿದರು. ಆ ಪಟ್ಟಿ ನಿಜವಾದ ಕೊರತೆಯಿದ್ದವರಲ್ಲಿ ನೂರಕ್ಕೆ 88 ಜನರನ್ನು ಹಿಡಿಯುತ್ತಿತ್ತು. ಕೊರತೆಯಿಲ್ಲದವರಲ್ಲಿ 60 ಜನರನ್ನಷ್ಟೇ ಸರಿಯಾಗಿ ಬಿಟ್ಟುಕೊಡುತ್ತಿತ್ತು. ಸಾವಿರ ಗಂಡಸರಲ್ಲಿ 20 ಜನರಿಗೆ ನಿಜಕ್ಕೂ ಕೊರತೆ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ: ಪಟ್ಟಿ ಬೊಟ್ಟು ಮಾಡುವ ಸುಮಾರು 410 ಜನರಲ್ಲಿ 18 ಮಂದಿ ಮಾತ್ರ ರೋಗಿಗಳು, 392 ಜನ ಸುಮ್ಮನೆ ಊಟವಾದ ಮೇಲೆ ತೂಕಡಿಸುವವರು. ಅಮೆರಿಕದಲ್ಲಿ 40 ದಾಟಿದ ಗಂಡಸರ ಪೈಕಿ ಟೆಸ್ಟೋಸ್ಟೆರಾನ್ ಬಳಸುವವರು 2001ರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಇದ್ದದ್ದು 2011ರ ಹೊತ್ತಿಗೆ ಮೂವರ ಹತ್ತಿರಕ್ಕೆ ಬಂತು.

ಡೆಟ್ರಾಯಿಟ್‌ನ ಮಾತನ್ನು ಯುರೋಪು ಮತ್ತೆ ಕಂಡುಕೊಂಡದ್ದು 2010ರಲ್ಲಿ. ಮ್ಯಾಂಚೆಸ್ಟರ್, ಫ್ಲಾರೆನ್ಸ್ ಸೇರಿದಂತೆ ಎಂಟು ಊರುಗಳ, 40ರಿಂದ 79 ವಯಸ್ಸಿನ 3,369 ಗಂಡಸರ ರಕ್ತವನ್ನೂ ದೂರುಗಳನ್ನೂ ಹೋಲಿಸಿದ ಅಧ್ಯಯನ ಅದು. ವಿಚಾರಿಸಿದ 32 ಲಕ್ಷಣಗಳಲ್ಲಿ ಹಾರ್ಮೋನಿನ ಕೊರತೆಯ ಜೊತೆಗೆ ಗಟ್ಟಿಯಾಗಿ ಒಂದು ಕಂತೆಯಾಗಿ ಬಂದವು ಮೂರು ಮಾತ್ರ: ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ಕಾಮಾಸಕ್ತಿ ಇಳಿಯುವುದು, ಸಂಭೋಗದ ವೇಳೆ ನಿಮಿರುವಿಕೆ ನಿಲ್ಲದಿರುವುದು. ದಣಿವು, ಬೇಸರ, ಸಿಡುಕು ಯಾವುದರ ಜೊತೆಗೂ ಬರುತ್ತವೆ. ಈ ಮೂರು ಲಕ್ಷಣಗಳೂ ರಕ್ತದಲ್ಲಿ ಕೊರತೆಯೂ ಕೂಡಿದ್ದವರು ನೂರಕ್ಕೆ 2.1, ನಲವತ್ತರ ಹರೆಯದಲ್ಲಿ ಸಾವಿರಕ್ಕೆ ಒಬ್ಬರು, ಎಪ್ಪತ್ತರ ದಶಕದಲ್ಲಿ ನೂರಕ್ಕೆ 5.1. ‘ನಲವತ್ತಾಯಿತು, ನನಗೂ ಅದು ಶುರುವಾಯಿತು’ ಎನ್ನುವವರು ಈ ಅಂಕಿಯನ್ನು ನೋಡಬೇಕು.

ವಯಸ್ಸಾದಂತೆ ಟೆಸ್ಟೋಸ್ಟೆರಾನ್ ಇಳಿಯುವುದು ನಿಜವೇ ಅಲ್ಲವೇ ಎಂದು ಕೇಳಬಹುದು. ನಿಜ, ಸರಾಸರಿ ವರ್ಷಕ್ಕೆ ನೂರಕ್ಕೊಂದರಷ್ಟು ಇಳಿಯುತ್ತದೆ. ಆದರೆ ಸರಾಸರಿಯೊಳಗೆ ಬೊಜ್ಜು ಬಂದವರು, ಮಧುಮೇಹದವರು, ದೀರ್ಘಕಾಲದ ಕಾಯಿಲೆಯವರು ಎಲ್ಲರೂ ಸೇರಿದ್ದಾರೆ. 2012ರ ಆಸ್ಟ್ರೇಲಿಯಾದ ಅಧ್ಯಯನವೊಂದು ತಾವು ಗಟ್ಟಿಮುಟ್ಟಾಗಿದ್ದೇವೆ ಎನ್ನುವ ವಯಸ್ಸಾದವರನ್ನಷ್ಟೇ ಆರಿಸಿ ಅಳೆದಾಗ ವಯಸ್ಸಿನ ಇಳಿಕೆ ಕಾಣಲಿಲ್ಲ. ಬೊಜ್ಜು ಕರಗಿಸಿದವರಲ್ಲಿ ಹಾರ್ಮೋನು ಮತ್ತೆ ಏರುವುದನ್ನು ಯುರೋಪಿನ ಅಧ್ಯಯನದವರೇ ತೋರಿಸಿದ್ದಾರೆ. ಮನೆಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ನಮ್ಮ ನಾಡಿಗೆ ಇದು ಸಣ್ಣ ಮಾತಲ್ಲ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ: ಹೆಂಗಸರ ಋತುಬಂಧದ ಕಷ್ಟಗಳನ್ನೂ ವೈದ್ಯಲೋಕ ಬಹುಕಾಲ ‘ವಯಸ್ಸು’ ಎಂದೇ ತಳ್ಳಿಹಾಕಿತ್ತು, ಗಂಡಸರಿಗೂ ಅದೇ ಅನ್ಯಾಯ ಆಗುತ್ತಿಲ್ಲವೇ? ತಳ್ಳಿಹಾಕಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಹೆಂಗಸರಲ್ಲಿ ಅಂಡಾಶಯದ ಅಂಡಗಳ ದಾಸ್ತಾನು ಮುಗಿಯುತ್ತದೆ, ಎಲ್ಲರಲ್ಲೂ ಮುಗಿಯುತ್ತದೆ, ಮುಟ್ಟು ನಿಂತದ್ದೇ ಅದಕ್ಕೆ ಸಾಕ್ಷಿ. ಗಂಡಸರಲ್ಲಿ ಹಾಗೆ ಥಟ್ಟನೆ ನಿಲ್ಲುವುದು ಹೇಗಿರುತ್ತದೆಂದು ತಿಳಿಯಬೇಕಾದರೆ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳನ್ನು ನೋಡಬೇಕು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ವೃಷಣ ತೆಗೆಯುವ ಚಿಕಿತ್ಸೆಯನ್ನು ತೋರಿಸಿಕೊಟ್ಟಂದಿನಿಂದ, ಹಾರ್ಮೋನು ಕಡಿದುಹೋದ ಈ ಗಂಡಸರು ಹೆಂಗಸರಂತೆಯೇ ಮೈ ಬಿಸಿಯೇರಿ ಬೆವರುತ್ತಾರೆ, ಮೂಳೆ ತೆಳುವಾಗುತ್ತದೆ. ಅದು ನಿಜವಾದ ಪುರುಷ ಋತುಬಂಧ. ಕ್ಲೈನ್‌ಫೆಲ್ಟರ್ ದೋಷ ಹೊತ್ತು ಹುಟ್ಟಿದವರು, ಮಂಗನಬಾವು ವೃಷಣಕ್ಕಿಳಿದು ಹಾಳಾದವರು, ಪಿಟ್ಯುಟರಿಯಲ್ಲಿ ಗಡ್ಡೆಯಿದ್ದವರು ಇವರ ಸಾಲಿಗೆ ಸೇರುತ್ತಾರೆ. ಈ ಕೊನೆಯ ಮೂರು ಬಗೆಯವರಿಗೆ ಟೆಸ್ಟೋಸ್ಟೆರಾನ್ ಬೇಕೇ ಬೇಕು. ಎಲ್ಲ ಮುದುಕರನ್ನೂ ರೋಗಿಗಳೆಂದು ಕರೆದಾಗ ಈ ನಿಜವಾದ ರೋಗಿಗಳೇ ಜನಜಂಗುಳಿಯಲ್ಲಿ ಕಳೆದುಹೋಗುತ್ತಾರೆ.

‘ಏನಾದರಾಗಲಿ, ತೆಗೆದುಕೊಂಡು ನೋಡಿದರೆ ನಷ್ಟವೇನು’ ಎಂಬುದು ಕೊನೆಯ ವಾದ, ಅಂಗಡಿಯವರಿಗೆ ಬಲು ಪ್ರಿಯವಾದದ್ದು. ಅಮೆರಿಕದಲ್ಲಿ 65 ದಾಟಿದ, ಹಾರ್ಮೋನು ಕಡಿಮೆಯಿರುವ ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಅಸಲಿ ಜೆಲ್, ಇನ್ನೊಂದಕ್ಕೆ ಹುಸಿ ಜೆಲ್ ಕೊಡಲಾಯಿತು. ಕಾಮಾಸಕ್ತಿ ಸ್ವಲ್ಪ ಸುಧಾರಿಸಿತು, ಮನಸ್ಥಿತಿ ತುಸು ಹಗುರಾಯಿತು. ಜನ ಹೆಚ್ಚಾಗಿ ದೂರುವ ದಣಿವಿನಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. 2023ರಲ್ಲಿ ಬಂದ, 5,000ಕ್ಕೂ ಹೆಚ್ಚು ಜನರ ಇನ್ನೊಂದು ಪ್ರಯೋಗ ಹೃದಯಾಘಾತದ ಭಯವನ್ನು ಬಹುಮಟ್ಟಿಗೆ ದೂರಮಾಡಿತು, ಆದರೆ ಹೃದಯಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಮದ್ದು ಪಡೆದವರಲ್ಲೇ ಹೆಚ್ಚು ಕಂಡವು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ಅದನ್ನೇ ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿಯೂ ನೋಡಿದೆ. ಪೌರುಷಕ್ಕೆಂದು ಕೊಂಡ ಜೆಲ್‌ನಿಂದ ಸಂತಾನ ನಿಂತೀತು ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

2015ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ವೃಷಣ, ಪಿಟ್ಯುಟರಿ ಅಥವಾ ಮೆದುಳಿನ ಗೊತ್ತಾದ ದೋಷದಿಂದ ಕೊರತೆ ಬಂದವರಿಗೆ ಮಾತ್ರ ಈ ಮದ್ದು, ಬರೀ ವಯಸ್ಸಿನಿಂದ ಇಳಿದ ಹಾರ್ಮೋನಿಗಲ್ಲ ಎಂದು ಪೊಟ್ಟಣದ ಮೇಲೆ ಬರೆಯಲು ಕಂಪನಿಗಳಿಗೆ ಆದೇಶಿಸಿತು. ಅದಕ್ಕೂ 71 ವರ್ಷ ಹಿಂದೆ ಹೆಲರ್, ಮೈಯರ್ಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಪ್ರಶ್ನೆಪಟ್ಟಿ ತುಂಬಿಸಿ ಯಾರಾದರೂ ನಿಮಗೆ ‘ಪುರುಷರ ಋತುಬಂಧ’ ಎಂದರೆ, ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಟ್ಟು ಟೆಸ್ಟೋಸ್ಟೆರಾನ್ ಅಳೆಸಿ. ಕಡಿಮೆ ಬಂದರೆ ಪಿಟ್ಯುಟರಿಯ ಹಾರ್ಮೋನನ್ನೂ ಅಳೆಸಿ, ಜೊತೆಗೆ ಸಕ್ಕರೆ, ಥೈರಾಯ್ಡ್, ತೂಕ, ನಿದ್ದೆ, ಕುಡಿತ ಇವನ್ನೂ ವೈದ್ಯರ ಮುಂದಿಡಿ. ಇದ್ಯಾವುದೂ ಇಲ್ಲದೆ ಬರೆದುಕೊಟ್ಟ ಜೆಲ್‌ನ ಚೀಟಿಯನ್ನು ಔಷಧದಂಗಡಿಗೆ ಒಯ್ಯಬೇಡಿ. 2016ರ ಆ ಪ್ರಯೋಗಕ್ಕೆ ಅರ್ಹರಾದ 790 ಜನರನ್ನು ಹುಡುಕಲು ಸಂಶೋಧಕರು 51,085 ಗಂಡಸರನ್ನು ತಪಾಸಣೆ ಮಾಡಬೇಕಾಯಿತು.